ಸೊಸೆ ಕತ್ತರಿಸಿದ ಅಂಕ

ಆಗ ನನಗೆ ಅರವತ್ತೆರಡು ವರ್ಷ. ಇದು ನಡೆದು ನಾಲ್ಕು ವರ್ಷವಾಯಿತು. ನಾನು ಅಕ್ಷರ ಕಲಿತದ್ದೇ ಆ ವಯಸ್ಸಿನಲ್ಲಿ. ಇದರಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ, ಅಂಕ ಕಳೆಯುವುದು ಬೇಡ.

ನಮ್ಮದು ಮಧುಗಿರಿ ತಾಲ್ಲೂಕಿನ ಊರು. ನಮ್ಮ ಹೆಂಗಸರ ಸಂಘದ ಅಧ್ಯಕ್ಷೆ ಯಾರು ಎಲ್ಲಿ ತೋರಿಸಿದರೆ ಅಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಅವಳು ಮಗಳ ಊರಿಗೆ ಹೋದ ಮೇಲೆ, ಇನ್ನು ಮುಂದೆ ಓದು ಬರಹ ಬಲ್ಲವಳೇ ಅಧ್ಯಕ್ಷೆ ಆಗಬೇಕು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದೆವು. ಆ ಜಾಗ ನನಗೆ ಬೇಕಿತ್ತು. ಬೇಕಿರಲಿಲ್ಲ ಎಂದು ಸುಳ್ಳು ಹೇಳಲಾರೆ.

ಸಂಘದವರಿಗೆಲ್ಲ ಅಕ್ಷರ ಹೇಳಿಕೊಟ್ಟವಳು ನನ್ನ ಸೊಸೆ. ಮದುವೆಯಾಗಿ ಬಂದಾಗ ಪಿಯುಸಿ ಆಗಿತ್ತು. ನಾನೇ ಹಟ ಹಿಡಿದು ಮಧುಗಿರಿಗೆ ಕಾಲೇಜಿಗೆ ಕಳಿಸಿದೆ. ಅವಳು ಓದುವಾಗ ಕೊಟ್ಟಿಗೆ, ಒಲೆ, ಕೂಸು ಮೂರನ್ನೂ ನೋಡಿಕೊಂಡೆ. ಆಮೇಲೆ ಅವಳು ಕೆಲಸಕ್ಕೆಂದು ಏನೇನೋ ಪರೀಕ್ಷೆ ಬರೆದಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ತಂದದ್ದು ಅಲ್ಲಿಂದಲೇ.

ಪಾಸಾಗಿ ಎಲ್ಲರಿಗಿಂತ ಮುಂದೆ ಬಂದವಳೇ ಅಧ್ಯಕ್ಷೆ ಎಂದಾಯಿತು. ಪರೀಕ್ಷೆಯ ದಿನ ಎಲ್ಲರನ್ನೂ ಶಾಲೆಯ ಜಗಲಿಯಲ್ಲಿ ಕೂರಿಸಿ ಸೊಸೆ ಹೇಳಿದಳು: "ಇಪ್ಪತ್ತೈದು ಪ್ರಶ್ನೆ. ಹದಿನೈದು ಬಂದ್ರೆ ಪಾಸು. ಸರಿ ಇದ್ರೆ ಒಂದು, ತಪ್ಪಿದ್ರೆ ಒಂದು ಕಟ್. ಗೊತ್ತಿಲ್ದೇ ಇದ್ರೆ ಹಂಗೇ ಬುಟ್ಬುಡಿ."

ಹಾಗೇ ಬಿಟ್ಟವರು ಯಾರೂ ಇಲ್ಲ. ಊಟಕ್ಕೆ ಕೂತವರ ಎಲೆಯಲ್ಲಿ ಜಾಗ ಖಾಲಿ ಕಂಡರೆ ಬಡಿಸಿಬಿಡುವ ಕೈಗಳು ನಮ್ಮವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ಬಸ್ಸಿನ ಬೋರ್ಡು ಓದಿ ಹೊಂದುವುದಕ್ಕೆ ಗೆರೆ ಎಳೆಯುವುದಿತ್ತು, ಕೂಡುವುದಿತ್ತು, ಕಳೆಯುವುದಿತ್ತು. ಪೆನ್ನು ಕೈಗೆ ಒಗ್ಗದೆ ಎಲ್ಲರೂ ಸೀಸದ ಕಡ್ಡಿಯಲ್ಲೇ ತುಂಬಿಸಿದೆವು.

ಮಾರನೆಯ ವಾರ ಹಾಳೆ ಕೊಟ್ಟಳು. ನನ್ನವು ಹತ್ತೊಂಬತ್ತು ಸರಿ, ಆರು ತಪ್ಪು. ಕಳೆದು ಹದಿಮೂರು. ಫೇಲು. ನಿಯಮ ನಿಯಮವೇ ಎಂದು ಹಾಳೆ ಮಡಿಚಿಟ್ಟುಕೊಂಡೆ. ಪಕ್ಕದಲ್ಲಿ ಕೂತಿದ್ದವಳು ನಮ್ಮ ಎದುರು ಮನೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳಿಗೆ ಸರಿಯಾಗಿ ಹದಿನೈದು, ಪಾಸು. ಅದಕ್ಕಿಂತ ಹೆಚ್ಚು ಯಾರಿಗೂ ಬಂದಿರಲಿಲ್ಲ. ಹಾಳೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು ನಕ್ಕಳು.

"ಅಕ್ಕಾ, ಇಲ್ನೋಡು. ಇಲ್ಲೆಲ್ಲ ನಾನು ಗೀಚಿದ್ನಲ್ಲ, ಯಾವ ಇಲಿ ತಿಂತು?"

ಹತ್ತು ಕಡೆ ಖಾಲಿ. ಬಿಸಿಲಿಗೆ ಹಿಡಿದರೆ ಕಡ್ಡಿ ಒತ್ತಿದ ಗುರುತು ಕಾಣುತ್ತಿತ್ತು, ಸುತ್ತ ರಬ್ಬರಿನ ಮಸಿ. ಆಚೆಯವಳ ಹಾಳೆ ಇಸಿದುಕೊಂಡು ನೋಡಿದೆ, ಅದರಲ್ಲೂ ಹಾಗೇ. ಒಬ್ಬೊಬ್ಬರದೇ ನೋಡುತ್ತ ಹೋದೆ, ಎಲ್ಲರ ತಪ್ಪೂ ಅಳಿಸಿತ್ತು. ನನ್ನದರಲ್ಲಿ ಆರೂ ಹಾಗೇ ಇದ್ದವು, ಮೇಲೆ ಕೆಂಪು ಗೀಟು ಬೇರೆ.

ಎದುರು ಮನೆಯವಳನ್ನು ಅಲ್ಲೇ ಅಧ್ಯಕ್ಷೆ ಮಾಡಿದರು. ನಾನೂ ಚಪ್ಪಾಳೆ ತಟ್ಟಿದೆ. ಬಾಯಿ ಬಿಟ್ಟಿದ್ದರೆ ಅತ್ತೆ ಸೊಸೆ ಜಗಳ ಎಂದು ನಕ್ಕು ಎದ್ದು ಹೋಗುತ್ತಿದ್ದರು.

ಸಂಜೆ ಸೊಸೆ ಮುದ್ದೆ ತೊಳಸುತ್ತಿದ್ದಾಗ ಕೇಳಿದೆ.

"ಅವರ್ದೆಲ್ಲ ಯಾಕೆ ಅಳಿಸ್ದೆ?"

ಕೋಲು ನಿಂತಿತು. "ಎಲ್ರೂ ಫೇಲಾಗ್ತಿದ್ರು ಅತ್ತೆ. ನಾಳೆಯಿಂದ ಒಬ್ರೂ ಕ್ಲಾಸಿಗೆ ಬರ್ತಿರ್ಲಿಲ್ಲ."

"ನಂದು?"

"ನಿಮ್ದೂ ಅಳಿಸಿದ್ರೆ ಸೊಸೆ ಅತ್ತೇನ ಅಧ್ಯಕ್ಷೆ ಮಾಡ್ಬುಟ್ಳು ಅಂತ ಊರೆಲ್ಲ ಆಡ್ಕೊಳ್ತಿತ್ತು."

"ಅಂಗಾರೆ ಯಾರ್ದೂ ಅಳಿಸ್ಬಾರ್ದಾಗಿತ್ತು. ಎಲ್ರಿಗೂ ಕಳ್ದಿದ್ರೂ ನಾನೇ ಮುಂದೆ. ಯಾರಿಗೂ ಕಳೀದಿದ್ರೂ ನಾನೇ ಮುಂದೆ. ನನ್ನೊಬ್ಳಿಗೇ ಕಳ್ದೆಯಲ್ಲಮ್ಮ."

"ನೀವು ಮನೇವ್ರು, ಅರ್ಥ ಮಾಡ್ಕೋತೀರ ಅನ್ಕೊಂಡೆ."

"ಊರೋರ ಬಾಯಿಗೆ ಹೆದ್ರಿ ಮನೇವ್ರ ಕಾಲು ಕಡಿಯೋದಾ?"

ಮಗ ಕೈ ತೊಳೆದು ಬಂದು ಕೂತ. "ಬುಡಮ್ಮ, ಈ ವಯಸ್ಸಲ್ಲಿ ನಿಂಗ್ಯಾಕೆ ಅಧ್ಯಕ್ಷಗಿರಿ" ಎಂದ. ಮುದ್ದೆ ತಿಂದೆ. ಸಿಟ್ಟಿಗೆ ಊಟ ಬಿಡುವ ಅಭ್ಯಾಸ ನನಗಿಲ್ಲ.

ಎದುರು ಮನೆಯವಳು ಹೀಗೆ ಮಾಡಿದ್ದರೆ ಬೀದಿಯಲ್ಲಿ ನಿಂತು ಬೈದು ಮುಗಿಸುತ್ತಿದ್ದೆ. ಇವಳಿಗೆ ನಾನು ಕಾಲೇಜಿನ ದಾರಿ ತೋರಿಸಿದ್ದೆ. ಊರಿನ ಕಣ್ಣಿಗೆ ನಿಷ್ಠುರಳಾಗಿ ಕಾಣಬೇಕಾದಾಗ ಅವಳ ಕೈಗೆ ಸಿಕ್ಕಿದ್ದು ನಾನೊಬ್ಬಳೇ. ಒಂದು ಮಾತು ಮೊದಲೇ ಹೇಳಿದ್ದರೂ ಸಾಕಿತ್ತು, ಪರೀಕ್ಷೆಗೇ ಕೂರುತ್ತಿರಲಿಲ್ಲ. ಹೇಳಲಿಲ್ಲ. ಕೂರಿಸಿ ಬರೆಸಿ ಬೀಳಿಸಿದಳು.

ಮಾರನೆಯ ಬೆಳಿಗ್ಗೆ ಹಸು ಕರೆದಿಟ್ಟು, ಕೆರೆ ಏರಿ ಮೇಲೆ ನಡೆದು ಪಕ್ಕದ ಊರಿಗೆ ಹೋದೆ. ಅಲ್ಲಿಯ ಶಾಲೆಯ ಮೇಷ್ಟ್ರು ಸಂಜೆ ಹೊತ್ತು ದೊಡ್ಡವರಿಗೆ ಪಾಠ ಮಾಡುತ್ತಿದ್ದರು. ಶಾಲೆಯ ಬಾಗಿಲು ತೆಗೆಯುತ್ತಿದ್ದವರು ನನ್ನನ್ನು ನೋಡಿ, "ಏನಮ್ಮ, ನಿಮ್ಮೂರಲ್ಲಿ ನಿಮ್ಮ ಸೊಸೇನೇ ಹೇಳ್ಕೊಡ್ತಾರಲ್ಲ?" ಎಂದರು.

"ಅದ್ಕೇ ಇಲ್ಲಿಗೆ ಬಂದೆ ಸ್ವಾಮಿ. ತಪ್ಪಿಗೆ ಎಷ್ಟು ಕಳೀತೀರ? ಎಷ್ಟಾದ್ರೂ ಕಳೀರಿ. ಎಲ್ರಿಗೂ ಕಳೀತೀರೋ ಇಲ್ವೋ, ಅದನ್ನ ಈಗ್ಲೇ ಹೇಳ್ಬುಡಿ."

ಅವರು ನಗಲಿಲ್ಲ. "ಎಲ್ರಿಗೂ ಒಂದೇ" ಎಂದರು. ಹೆಸರು ಬರೆಸಿ ಬಂದೆ.