ಹಾಂಗ್‌ಕಾಂಗಿನಲ್ಲಿ ಸಿಕ್ಕ ಒತ್ತು ಶ್ಯಾವಿಗೆ

ಹಾಂಗ್‌ಕಾಂಗ್ ವಿಮಾನ ನಿಲ್ದಾಣದ ಕ್ಯಾಂಟೊನೀಸ್ ನೂಡಲ್ಸ್ ಹೋಟೆಲಿನಲ್ಲಿ ಮುಂದಿನ ವಿಮಾನಕ್ಕೆ ಕಾಯುತ್ತಾ ನಾನೂ ಅತ್ತೆಯೂ ಕೂತಿದ್ದೆವು. ಚಿಂತಾಮಣಿ ಬಿಟ್ಟಾಗಿನಿಂದ ಅತ್ತೆ ಏನೂ ತಿಂದಿರಲಿಲ್ಲ. ಬರೀ ತರಕಾರಿ ಹಾಕಿಸಿದ ಅಕ್ಕಿ ನೂಡಲ್ಸ್ ಬಂತು. ಅವರು ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಬೆರಳಿನಿಂದ ಒಂದೆಳೆ ಎತ್ತಿ ಬಾಯಿಗಿಟ್ಟರು.

“ಇದು ನಮ್ಮ ಒತ್ತು ಶ್ಯಾವಿಗೆ ಕಣಮ್ಮಾ! ನಿಮ್ಮ ಮಾವ ಶ್ಯಾವಿಗೆ ಒರಳು ಒತ್ತೋರು, ನಾನು ಕೆಳಗೆ ತಟ್ಟೆ ಹಿಡೀತಿದ್ದೆ. ಬಿಸಿಬಿಸೀದೇ ಬಾಯಿಗೆ ಹಾಕ್ಕೊಂಡು ನಾಲಿಗೆ ಸುಟ್ಕೊಳ್ಳೋರು.”

ಮಾವ ತೀರಿಕೊಂಡ ಮೇಲೆ ಅತ್ತೆ ಒಮ್ಮೆಯೂ ಅವರ ಮಾತೆತ್ತಿರಲಿಲ್ಲ. ನಾನು ತಿನ್ನುವುದನ್ನು ಬಿಟ್ಟು ಕೇಳುತ್ತಾ ಕೂತೆ.

“ಕಾಯಿಹಾಲು ಇಲ್ದಿದ್ರೆ ಮುಟ್ತಾನೇ ಇರ್ಲಿಲ್ಲ ನೋಡು,” ಎಂದು ಅತ್ತೆ ನಕ್ಕರು.

ಅಷ್ಟರಲ್ಲಿ ನಮ್ಮ ವಿಮಾನಕ್ಕೆ ಕರೆ ಬಂತು. ಎಲ್ಲರಿಗಿಂತ ಕೊನೆಗೆ ಹತ್ತಿದರಾಯಿತು ಎಂದುಕೊಂಡು, “ಆಮೇಲೆ ಅತ್ತೆ?” ಎಂದೆ.