ಹೊಂಗೆ ಎಲೆ ಇಟ್ಟ ಪುಟ

ಆ ಪದ ನಿಘಂಟಿನಲ್ಲಿ ಇತ್ತು. ಇಲ್ಲ ಎಂದು ಹೇಳಿದವನು ನಾನು.

ಎಲ್ಲಿ ನಿಂತು ಹೇಳಿದೆ ಎಂಬುದನ್ನೂ ಬರೆದುಬಿಡುತ್ತೇನೆ. ಯಲಹಂಕದಲ್ಲಿ, ವಾಸುದೇವರಾಯರ ಮನೆಯ ಜಗುಲಿಯ ಮೇಲೆ, ಕಿಟಕಿಗೆ ಬೆನ್ನು ಮಾಡಿ, ಎಡಗೈಯಲ್ಲಿ ನಿಘಂಟನ್ನು ಬಿಡಿಸಿ ಹಿಡಿದುಕೊಂಡು. ಐವತ್ತೊಂಬತ್ತರ ಬೇಸಿಗೆ, ಎಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ಮೊದಲ ಭಾನುವಾರ. ಬಿಸಿಲು ಇನ್ನೂ ಇಳಿದಿರಲಿಲ್ಲ. ಅಕ್ಷರಗಳು ಚೆನ್ನಾಗಿ ಕಾಣುತ್ತಿದ್ದವು. ಮಬ್ಬಾಗಿತ್ತು ಎನ್ನಲು ನನಗೆ ದಾರಿಯಿಲ್ಲ.

ರಾಯರು ನಿವೃತ್ತ ಪೋಸ್ಟ್‌ಮಾಸ್ಟರ್. ನಾನು ಮತ್ತು ನನ್ನ ತಮ್ಮ ಮುನಿರಾಜು ಅವರ ಮನೆಗೆ ಹಾಲು ಹಾಕುತ್ತಿದ್ದೆವು. ಅವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಓದಲು ಆಗುತ್ತಿರಲಿಲ್ಲ. ಇಂಗ್ಲಿಷ್ ಪತ್ರಿಕೆಯನ್ನು ನಮ್ಮಿಂದ ಓದಿಸಿ ಕೇಳುತ್ತಿದ್ದರು. ಓದಿ ಮುಗಿದ ಮೇಲೆ ಒಂದು ಆಟ. ಎರಡು ಅಕ್ಷರ ಹೇಳುತ್ತಿದ್ದರು, ಎರಡೂ ಇರುವ ಇಂಗ್ಲಿಷ್ ಪದಗಳನ್ನು ನಾವಿಬ್ಬರೂ ಒಬ್ಬರಾದ ಮೇಲೊಬ್ಬರು ಹೇಳಬೇಕು. ಪದ ಸಿಗದವನು ಸೋತ. ನಿಘಂಟಿನಲ್ಲಿ ಇಲ್ಲದ್ದನ್ನು ಹೇಳಿದವನೂ ಸೋತ. ದೊಡ್ಡವನೆಂದು ನಿಘಂಟನ್ನು ನನ್ನ ಕೈಗೆ ಕೊಟ್ಟಿದ್ದರು.

ನಾನು ದೊಡ್ಡವನು ನಿಜ, ಆದರೆ ಒಂದು ವರ್ಷ ಫೇಲಾಗಿ ತಮ್ಮನ ಬೆಂಚಿಗೇ ಬಂದು ಕೂತಿದ್ದವನು. ನಾನು ಪುಟ ಪುಟವನ್ನೇ ಬಾಯಿಪಾಠ ಮಾಡುತ್ತಿದ್ದೆ. ಅವನು — ಅವನಿಗೆ ಹಾಗೆಲ್ಲ ಕೂರುವುದು ಆಗುತ್ತಿರಲಿಲ್ಲ. ನೊಗ, ಕುಂಟೆ, ಕಣದ ಹೊಟ್ಟು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಏನಂತಾರೆ ಎಂದು ರಾಯರ ನಿಘಂಟಿನಲ್ಲಿ ಹುಡುಕುತ್ತಿದ್ದ. ಸಿಕ್ಕರೆ ಆ ಪುಟದಲ್ಲಿ ಒಂದು ಹೊಂಗೆ ಎಲೆ ಇಟ್ಟು ಮುಚ್ಚುತ್ತಿದ್ದ. ಅವನು ಒಂದು ಒಳ್ಳೆಯ ಪದ ಹೇಳಿದರೆ ರಾಯರು ತೊಡೆ ತಟ್ಟಿ "ಭೇಷ್!" ಎನ್ನುತ್ತಿದ್ದರು. ನನ್ನ ಪದಕ್ಕೆ "ಸರಿ" ಎನ್ನುತ್ತಿದ್ದರು. ನನ್ನದೂ ತಪ್ಪಿರುತ್ತಿರಲಿಲ್ಲ. ಆದರೂ "ಸರಿ". ಆ ಒಂದು ಭೇಷ್‌ಗಾಗಿ ನಾನು ಎರಡು ವರ್ಷ ಕಾದೆ. ಅದು ಜಗುಲಿಯಲ್ಲಿ ಅವನು ಕೂತ ತುದಿಗೇ ಹೋಗಿ ಬೀಳುತ್ತಿತ್ತು. ಆಮೇಲಾಮೇಲೆ ಅವನು ಊಟ ಮಾಡುವ ಸದ್ದೂ ನನಗೆ ಆಗದಂತಾಯಿತು.

ಆ ಬೇಸಿಗೆಯಲ್ಲಿ ರಾಯರು ಮಲ್ಲೇಶ್ವರದ ಮಗನ ಮನೆಗೆ ಹೊರಟಿದ್ದರು. ಓದಿ ಹೇಳಲು ಒಬ್ಬ ಹುಡುಗ ಬೇಕು, ಕಾಲೇಜಿಗೆ ನಾವೇ ಸೇರಿಸುತ್ತೇವೆ ಎಂದರು. ಅಪ್ಪ ಜಗುಲಿಯ ಕೆಳಗೆ ನಿಂತು ಕೈಮುಗಿದರು.

"ಯಾರ್ನಾರ ಒಬ್ಬುನ್ನ ಕರ್ಕೊಂಡೋಗಿ ಸಾಮಿ. ಇನ್ನೊಬ್ಬ ಒಲಕ್ಕೆ ಬೇಕು."

ಇಬ್ಬರೂ ಪಾಸಾಗಿದ್ದೆವು. ರಾಯರಿಗೆ ಆರಿಸುವುದು ಕಷ್ಟವಾಯಿತೋ, ಅಥವಾ ಯಾರು ಗೆಲ್ಲುತ್ತಾರೆಂದು ಗೊತ್ತೇ ಇತ್ತೋ — "ಆಡಿ, ಗೆದ್ದವನು ನನ್ನ ಜೊತೆ ಬರ್ಲಿ" ಎಂದರು. ಅಕ್ಷರಗಳು ಡಿ ಮತ್ತು ಝಡ್.

ಡಜನ್ ಎಂದೆ. ಅವನು ವಿಜರ್ಡ್ ಎಂದ. ಹೀಗೇ ಸಾಗಿತು. ನಾನು ಹಜಾರ್ಡ್ ಹೇಳಿದ ಮೇಲೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಅವನಿಗೆ ಅದು ನನ್ನ ಮುಖದಲ್ಲೇ ಕಂಡಿರಬೇಕು.

"ಏನಣ್ಣ, ಎತ್ತು ಮಲ್ಗಿಬಿಡ್ತಾ?" ಎಂದು ನಕ್ಕ. ಆಮೇಲೆ "ಆಡ್ಜ್" ಎಂದ.

"ಅದೇನೋ ಅದು? ನಾನು ಕೇಳೇ ಇಲ್ವಲ್ಲೋ" ಎಂದರು ರಾಯರು.

"ಬಾಚಿ ಸಾರ್. ನಮ್ಮ ಆಚಾರಿ ನೇಗ್ಲು ಕೆತ್ತಲ್ವಾ, ಆ ಬಾಚಿ."

"ನೋಡೋ ರಾಜಣ್ಣ, ಇದೆಯಾ?" ಎಂದು ರಾಯರು ನನ್ನ ಕಡೆ ತಿರುಗಿದರು.

ಪುಟ ತೆರೆದೆ. ಹುಡುಕುವ ಕೆಲಸವೇ ಇರಲಿಲ್ಲ — ಅಲ್ಲಿ ಒಂದು ಹೊಂಗೆ ಎಲೆ ಇತ್ತು. ಒಣಗಿರಲಿಲ್ಲ. ಅದರ ತುದಿಯ ಪಕ್ಕದಲ್ಲೇ ಪದ. ಎಂದರೆ, ಅವನು ಅದನ್ನು ಈ ಪುಸ್ತಕದಲ್ಲೇ ಕಂಡಿದ್ದ, ಈ ಪುಟದಲ್ಲೇ. ನಾನು ಇಲ್ಲ ಎಂದರೆ ಅದು ಸುಳ್ಳೆಂದು ಈ ಲೋಕದಲ್ಲಿ ಖಚಿತವಾಗಿ ಗೊತ್ತಿರುವವನು ಅವನೇ. ಅಷ್ಟೂ ನನಗೆ ಹೊಳೆಯಿತು. ಹೊಳೆದ ಮೇಲೆಯೇ ಹೇಳಿದೆ.

"ಇಲ್ಲ ಸಾರ್."

ಬೆನ್ನ ಹಿಂದೆ ಕಿಟಕಿಯ ಸರಳಿಗೆ ಬಳೆ ತಾಗಿದ ಸದ್ದಾಯಿತು. ರಾಯರ ಮಗಳು ಪದ್ಮಾ ಒಳಗೆ ನಿಂತಿದ್ದಳು, ನನ್ನ ಭುಜದ ಮೇಲಿಂದ ಪುಟ ಅವಳಿಗೆ ಕಾಣುತ್ತಿತ್ತು. "ಅಪ್ಪಾ —" ಎಂದಳು. ಮುನಿರಾಜು ನನ್ನನ್ನೇ ನೋಡುತ್ತಿದ್ದ. ಅವಳು ಮುಂದೆ ಮಾತಾಡುವ ಮೊದಲೇ ಹೇಳಿದ:

"ಅಣ್ಣ ಇಲ್ಲ ಅಂದ್ರೆ ಇಲ್ಲ ಬಿಡಿ ಸಾರ್."

ಪದ್ಮಾ ಕಿಟಕಿಯಿಂದ ಹಿಂದೆ ಸರಿದಳು. ನಾನು ಪುಸ್ತಕ ಮುಚ್ಚಿದೆ. ರಾಯರು ನನಗೆ ಹೇಳಿದ್ದು "ಸರಿ, ನೀನೇ ಬಾ." ಗೆದ್ದಾಗಲೂ ನನಗೆ ಸಿಕ್ಕಿದ್ದು ಸರಿ ಎಂಬ ಮಾತೇ.

ನಾನು ಓದಿದೆ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದೆ. ಅವನು ಹೊಲದಲ್ಲಿ ಉಳಿದ. ಈಗ ಆ ಹೊಲದಲ್ಲಿ ಬಡಾವಣೆ ಎದ್ದಿದೆ. ಅವನಿಗೆ ಮೂರು ಕಟ್ಟಡಗಳಿವೆ. "ಪುಣ್ಯ ಕಣ್ರೀ, ನಿಮ್ಮ ತಮ್ಮ ಓದ್ಲಿಲ್ಲ, ಬದುಕ್ಕೊಂಡ" ಎಂದು ನೆಂಟರು ನನ್ನೆದುರೇ ನಗುತ್ತಾರೆ. ಬಹಳ ವರ್ಷ ನಾನೂ ಆ ನಗುವಿನ ಮರೆಯಲ್ಲಿ ಕೂತಿದ್ದೆ. ಆದರೆ ಅವನ ಮನೆಗೆ ಹೋದಾಗಲೆಲ್ಲ ಒಂದನ್ನು ನೋಡುತ್ತೇನೆ — ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ಪದಬಂಧದ ಮೇಲೆ ಪೆನ್ಸಿಲ್ ಹಿಡಿದು ಬಗ್ಗಿರುತ್ತಾನೆ. ನನ್ನ ಚಪ್ಪಲಿ ಸದ್ದಾದರೆ ಮಡಚಿ ದಿಂಬಿನ ಕೆಳಗೆ ಇಡುತ್ತಾನೆ. ಆ ಭಾನುವಾರದಿಂದ ಇವತ್ತಿನವರೆಗೆ ನನ್ನೆದುರು ಅವನು ಒಂದು ಇಂಗ್ಲಿಷ್ ಪದ ಆಡಿಲ್ಲ. ಅವನ ಕಟ್ಟಡಗಳು ಎಷ್ಟೇ ಎದ್ದರೂ ಅದು ನಾನು ಕಿತ್ತುಕೊಂಡದ್ದೇ.

ಮನಸ್ಸಿನ ಕೊನೆಯ ಕೊಳೆಯನ್ನೂ ಹೇಳಬೇಕು. ಆ ಮಡಚಿದ ಪತ್ರಿಕೆ ನೋಡಿದಾಗ ನನಗೆ ಮೊದಲು ಬರುವುದು ಪಶ್ಚಾತ್ತಾಪವಲ್ಲ. ಎಷ್ಟು ತುಂಬಿಸಿದ್ದಾನೋ, ನನಗಿಂತ ಬೇಗ ತುಂಬಿಸಿದನೋ ಎಂಬ ಉರಿ. ಈ ವಯಸ್ಸಿನಲ್ಲಿ.

ರಾಯರು ತೀರಿಕೊಳ್ಳುವ ಮೊದಲು ನಿಘಂಟನ್ನು ನನಗೇ ಕೊಟ್ಟರು. ಎಲೆ ಪುಡಿಯಾಗಿ ಉದುರಿಹೋಗಿದೆ. ಅದರ ಆಕಾರದ ಕಂದು ಕಲೆ ಪುಟದ ಮೇಲಿದೆ. ಈ ಭಾನುವಾರ ಪುಸ್ತಕವನ್ನು ತೆಗೆದುಕೊಂಡು ಅವನ ಮನೆಗೆ ಹೋಗಿ, ಆ ಪುಟ ತೆರೆದು, ಇದೆ ಎಂದು ಹೇಳುತ್ತೇನೆ. ಅವನು ಏನಾದರೂ ಅನ್ನಲಿ, ಅನ್ನದಿರಲಿ.

ನಾನು ಬರೆದದ್ದು ನಿಜವೋ ಎಂದು ಯಾರಿಗಾದರೂ ಅನುಮಾನವಿದ್ದರೆ ಕೇಳಬಹುದು. ಕಿಟಕಿಯ ಒಳಗೆ ನಿಂತು ಪುಟವನ್ನು ಕಂಡ ಪದ್ಮಮ್ಮ ಬದುಕಿದ್ದಾರೆ, ಆರ್.ಟಿ. ನಗರದಲ್ಲಿ ಮಗಳ ಜೊತೆ ಇದ್ದಾರೆ. ಪುಟವನ್ನು ಕಾಣದೆಯೂ ನನ್ನ ಮುಖದಲ್ಲಿ ಅದನ್ನು ಓದಿದ ಮುನಿರಾಜು ಬದುಕಿದ್ದಾನೆ.