ರಾಡೊಯ್ಕಾ ಒಲೆಯ ಪಕ್ಕ ಬೆಳೆಸಿದ ಬಿಳಿ ಸ್ಲೆಜ್

ರಾಡೊಯ್ಕಾ ನಮ್ಮೂರಿನಲ್ಲಿ ಮೂವತ್ತೊಂದು ವರ್ಷ ಸೈಕಲ್ ತುಳಿದು ಅಂಚೆ ಹಂಚಿದವಳು. ನಿವೃತ್ತಿಯ ದಿನ ಜೊತೆಯವರು ಅವಳಿಗೊಂದು ಗೋಡೆ ಗಡಿಯಾರ ಕೊಟ್ಟರು. ಟಿಸಾ ನದಿಯ ಕಡೆಯಿಂದ ಬೀಸುವ ಗಾಳಿ ಅದಕ್ಕೂ ಮೊದಲೇ ಒಂದು ಕೆಮ್ಮು ಕೊಟ್ಟಿತ್ತು. ಗಡಿಯಾರ ಎರಡೇ ತಿಂಗಳಲ್ಲಿ ನಿಂತಿತು, ಕೆಮ್ಮು ನಿಲ್ಲಲಿಲ್ಲ.

ಅವಳ ಸ್ವಭಾವ ತಿಳಿಯಲು ಒಂದು ಸಂಗತಿ ಸಾಕು. ಮಾತು ಬಿಟ್ಟಿದ್ದ ಇಬ್ಬರು ಅಕ್ಕತಂಗಿಯರ ಹೊಸ ವರ್ಷದ ಕಾರ್ಡುಗಳನ್ನು ಬೇಕೆಂದೇ ಅದಲು ಬದಲು ಮಾಡಿ ಹಾಕಿದ್ದಳು. ಕಾರ್ಡು ಹಿಂದಿರುಗಿಸಲು ಹೋದ ಅಕ್ಕ, ತಂಗಿಯ ಮನೆಯಲ್ಲಿ ಊಟ ಮಾಡಿಕೊಂಡು ಬಂದಳು. ಕೇಳಿದರೆ ರಾಡೊಯ್ಕಾ, ಕನ್ನಡಕ ಮಂಜಾಗಿತ್ತು ಎಂದಳು. ಆಗ ಅವಳಿಗೆ ಕನ್ನಡಕವೇ ಇರಲಿಲ್ಲ.

ಕೆಮ್ಮಿಗೆ ಬಿಳಿ ಸ್ಲೆಜ್ ಗಿಡದ ಬೇರು ನೆನೆಸಿದ ನೀರು ಒಳ್ಳೆಯದು. ಹೊರಗೆ ಇದಕ್ಕೆ ಮಾರ್ಷ್‌ಮ್ಯಾಲೋ ಎನ್ನುತ್ತಾರಂತೆ. ದಾಸವಾಳದ ದೂರದ ನೆಂಟ. ಎಲೆ ಮುಟ್ಟಿದರೆ ಮಖಮಲ್ಲು, ಹೂವು ತಿಳಿಗುಲಾಬಿ, ಬೇರು ತಣ್ಣೀರಿನಲ್ಲಿ ನೆನೆದರೆ ಬೆಂಡೆಕಾಯಿಯಂಥ ಲೋಳೆ. ನಮ್ಮ ಬೀದಿಯಲ್ಲಿ ಆ ಗಿಡ ಇದ್ದದ್ದು ಒಬ್ಬನ ಹಿತ್ತಲಲ್ಲಿ ಮಾತ್ರ. ಅವನು ಸ್ವೆತೊಲಿಕ್, ನಿವೃತ್ತ ಸ್ಟೇಷನ್ ಮಾಸ್ಟರ್, ಚರ್ಚಿನ ಗಾಯಕವೃಂದದ ಮುಖ್ಯಸ್ಥ. ತನ್ನ ಗಂಟಲಿನ ಗುಟ್ಟು ಅದೇ ಎಂದು ಕೊಚ್ಚಿಕೊಳ್ಳುತ್ತಿದ್ದ. ಆದರೆ ಒಂದು ತುಂಡು ಬೇರನ್ನೂ ಯಾರಿಗೂ ಕೊಟ್ಟವನಲ್ಲ.

ರಾಡೊಯ್ಕಾ ಬೀಜ ಕೇಳಿದಾಗ ಮಾತ್ರ ಅವನು ನಗುನಗುತ್ತಾ ಒಂದು ಪೊಟ್ಟಣ ಕೊಟ್ಟ. ಚಳಿಗಾಲವಿಡೀ ಒಲೆಯ ಪಕ್ಕ ಬೆಚ್ಚಗಿಡಬೇಕು, ವಸಂತದಲ್ಲಿ ನಾಲ್ಕು ಬೆರಳು ಆಳಕ್ಕೆ ಹಾಕಬೇಕು ಎಂದು ಹೇಳಿಯೂ ಕೊಟ್ಟ. ಅವಳು ಹಾಗೆಯೇ ಮಾಡಿದಳು. ಒಂದೂ ಮೊಳೆಯಲಿಲ್ಲ. ಮರುವರ್ಷವೂ ಅಷ್ಟೇ. ನಿನ್ನ ಕೈ ಕಾಗದ ಹಂಚೋಕೆ ಲಾಯಕ್ಕು, ಮಣ್ಣಿಗಲ್ಲ ಎಂದು ಅವನು ಬೇಲಿಯಾಚೆಯಿಂದ ಎಲ್ಲರಿಗೂ ಕೇಳುವ ಹಾಗೆ ಅಂದ.

ಮೂರನೆಯ ಪೊಟ್ಟಣ ಕೈಗೆ ಬಂದಾಗ ಅವಳಿಗೆ ರೇಗಿಹೋಯಿತು. ನವೆಂಬರಿನ ಒಂದು ಸಂಜೆ ಅದನ್ನು ಹಿತ್ತಲ ಬಾವಿಯ ಮೋರಿಗೆ ಸುರಿದು ಒಳಗೆ ಹೋದಳು. ಅದರ ಮೇಲೆ ಹಿಮ ಬಿತ್ತು, ಕರಗಿತು, ಮತ್ತೆ ಬಿತ್ತು. ಏಪ್ರಿಲ್‌ನಲ್ಲಿ ಮೋರಿಯಂಚಿನ ಹಸಿ ಮಣ್ಣಿನಲ್ಲಿ ರೋಮ ರೋಮದ ದುಂಡನೆಯ ಪುಟ್ಟ ಎಲೆಗಳು ಸಾಲುಗಟ್ಟಿ ನಿಂತಿದ್ದವು. ಸ್ವೆತೊಲಿಕನ ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಎಷ್ಟೋ ಸಲ ಸವರಿದ್ದ ಎಲೆ. ಗುರುತು ಸಿಗದೇ ಇದ್ದೀತೇ? ಬೀಜಕ್ಕೆ ಬೇಕಾದದ್ದು ಚಳಿ, ತೇವ, ಮೇಲೆ ಒಂದು ಚಿಟಿಕೆ ಮಣ್ಣು. ಅವನು ಹೇಳಿದ್ದೆಲ್ಲ ತಲೆಕೆಳಗು. ಅವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ನಗುವುದು ನಮ್ಮ ಮನೆಗೆ ಕೇಳಿಸಿತು.

ನನ್ನ ಹೆಂಡತಿ ವಿಡೊಸಾವಾ, ಹೋಗಿ ಅವನ ಮುಖಕ್ಕೆ ಹೇಳು ಎಂದು ಹುರಿದುಂಬಿಸಿದಳು.

"ಯಾಕೆ ಹೇಳ್ಲಿ? ಹೇಳಿದ್ರೆ ಬೀಜ ಕೊಡೋದು ನಿಲ್ಲಿಸ್ತಾನೆ" ಎಂದಳು ರಾಡೊಯ್ಕಾ.

ಅಂದಿನಿಂದ ಪ್ರತಿ ಶರತ್ಕಾಲವೂ ಅವಳು ಜೋಲು ಮುಖ ಹಾಕಿಕೊಂಡು ಅವನ ಬಾಗಿಲಿಗೆ ಹೋಗತೊಡಗಿದಳು. ಅವನಿಗೆ ಅದೇ ವರ್ಷದ ದೊಡ್ಡ ಮನರಂಜನೆ. ಪೊಟ್ಟಣ ದಪ್ಪವಾಗುತ್ತಾ ಹೋಯಿತು, ಸುಳ್ಳು ಸಲಹೆಗಳೂ ಬೆಳೆದವು. ಅವಳು ತಲೆಯಾಡಿಸಿ, ಮನೆಗೆ ಬಂದು, ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ, ಹಳೆಯ ಬಾಟಲಿಗಳಿಗೆ ತುಂಬಿ, ಬೀದಿಯ ಒಂಬತ್ತು ಮನೆಗಳ ಫ್ರಿಜ್ಜುಗಳಲ್ಲಿ ಇಟ್ಟು, ವಸಂತದಲ್ಲಿ ಆ ಮನೆಗಳ ಹಿತ್ತಲಲ್ಲೇ ಬಿತ್ತಿದಳು. ಸ್ವೆತೊಲಿಕನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಬಾಟಲಿಗಳ ವಿಷಯ ಇನ್ನೊಬ್ಬನಿಗೂ ಗೊತ್ತಿರಲಿಲ್ಲ, ಅದು ನಾನು. ಒಂದು ಬೆಳಗ್ಗೆ ಸಾಸಿವೆ ಗೊಜ್ಜಿನ ಬಾಟಲಿ ಎಂದುಕೊಂಡು ಎರಡು ಚಮಚ ಮರಳನ್ನು ಸಾಸೇಜಿನ ಮೇಲೆ ಬಳಿದುಕೊಂಡು ಕಚ್ಚಿದೆ. ಸುದ್ದಿ ತಿಳಿದ ರಾಡೊಯ್ಕಾ ನನ್ನ ಹಲ್ಲಿನ ಬಗ್ಗೆ ಕೇಳಲಿಲ್ಲ.

"ಎಷ್ಟು ಬೀಜ ನುಂಗ್ದೆ?" ಎಂದಳು. "ಹೋಗ್ಲಿ ಬಿಡು, ಮಾರ್ಚ್ ತನಕ ತಣ್ಣಗಿರು. ಆಮೇಲೆ ನಿನ್ನನ್ನೇ ಮೋರಿ ಹತ್ರ ನಿಲ್ಲಿಸ್ತೀನಿ."

ಮೂರನೆಯ ವರ್ಷಕ್ಕೆ ಅವಳ ಗಿಡಗಳ ಬೇರು ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಅಗೆದು, ಸಿಪ್ಪೆ ಹೆರೆದು, ಹೆಚ್ಚಿ ಒಣಗಿಸಿದಳು. ಅವಳ ಕೆಮ್ಮು ಆ ವರ್ಷ ಅರ್ಧಕ್ಕರ್ಧ ಇಳಿಯಿತು.

ಅದೇ ಅಕ್ಟೋಬರಿನಲ್ಲಿ ಸ್ವೆತೊಲಿಕ್ ತನ್ನ ಗಿಡ ಅಗೆದರೆ ಕೆಳಗೆ ಬೇರು ಇರಲೇ ಇಲ್ಲ. ಪಕ್ಕದ ಬೀಟ್ರೂಟ್ ಹೊಲದ ಇಲಿಗಳು ಬುಡ ಸಮೇತ ತಿಂದು ಮುಗಿಸಿದ್ದವು. ಮುಂದಿನ ಭಾನುವಾರ ಪಕ್ಕದೂರಿನ ಗಾಯಕವೃಂದ ಬರುವುದಿತ್ತು, ಅವನ ಗಂಟಲು ಕಟ್ಟಿ ಕೂತಿತ್ತು. ಜೇನುತುಪ್ಪವಾದರೂ ಸಿಕ್ಕೀತೆಂದು ಅವನು ರಾಡೊಯ್ಕಾಳ ಮನೆಗೆ ಬಂದಾಗ ನಾನೂ ವಿಡೊಸಾವಾಳೂ ಅಲ್ಲೇ ಕಾಫಿ ಕುಡಿಯುತ್ತಿದ್ದೆವು. ಜೇನು ಮುಗಿದಿದೆ ಎಂದು ಅವಳು ಒಂದು ಲೋಟ ನೀರು ಮುಂದಿಟ್ಟಳು. ಪರಿಚಿತ ಲೋಳೆಯ ಒಂದೇ ಗುಟುಕಿಗೆ ಅವನ ಹುಬ್ಬು ಮೇಲೇರಿತು.

"ಇದೆಲ್ಲಿಂದ ಬಂತು?" ಎಂದ, ಬಿರುಕು ದನಿಯಲ್ಲಿ.

"ನೀವೇ ಕೊಟ್ಟ ಬೀಜ, ಸ್ವೆತೊಲಿಕಣ್ಣ. ನೀವು ಹೇಳ್ದಂಗೇ ಒಲೆ ಪಕ್ಕ ಇಟ್ಟೆ, ನಾಲ್ಕು ಬೆರಳು ಆಳಕ್ಕೆ ಹಾಕ್ದೆ."

"ಹಂಗೆ ಹಾಕಿದ್ರೆ ಅದು ಬರೋದೇ ಇಲ್ಲ."

"ಹೌದಾ? ಯಾಕೆ ಬರಲ್ಲ?"

ಅವನು ಲೋಟ ನೋಡಿದ, ನಮ್ಮನ್ನು ನೋಡಿದ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಅವನು ಕಿವಿ ಕೆಂಪಾಗಿಸಿಕೊಂಡು ಉಳಿದ ನೀರನ್ನು ಕುಡಿದು ಮುಗಿಸಿ, ಲೋಟ ಕೆಳಗಿಟ್ಟ.

"ಅದಕ್ಕೆ ಚಳಿ ಬೇಕು," ಎಂದ ಕೊನೆಗೆ. "ನಾನು ಸುಳ್ಳು ಹೇಳಿದ್ದೆ ಕಣೆ."

"ಗೊತ್ತು. ಮೂರು ವರ್ಷದಿಂದ ಗೊತ್ತು. ಇನ್ನೊಂದು ಲೋಟ ಕೊಡ್ಲಾ?"

ಅವಳು ಅವನನ್ನು ಹೊರಗೆ ಕರೆದೊಯ್ದು ಬೀದಿಯ ಒಂಬತ್ತು ಹಿತ್ತಲುಗಳನ್ನೂ ತೋರಿಸಿದಳು. ಮೊದಲ ಮೂರರಲ್ಲಿ ಅವನು ಎಲೆ ಸವರುತ್ತಾ ನಡೆದ. ನಾಲ್ಕನೆಯದರಲ್ಲಿ, ಇಷ್ಟು ಒತ್ತಾಗಿ ನೆಟ್ಟರೆ ಬೇರು ದಪ್ಪ ಬರುವುದಿಲ್ಲ ಎಂದು ಬೈಯತೊಡಗಿದ. ಒಂಬತ್ತು ಮುಗಿಯುವ ಹೊತ್ತಿಗೆ, ಎಲೆ ತೂತು ಮಾಡುವ ಹುಳಕ್ಕೆ ಬೂದಿ ಹೇಗೆ ಎರಚಬೇಕೆಂದು ವಿಡೊಸಾವಾಳಿಗೆ ಕಲಿಸುತ್ತಿದ್ದ. ಈ ಸಲ ನಿಜವನ್ನೇ ಹೇಳಿದ, ನಾವು ಪರೀಕ್ಷಿಸಿದೆವು.

ಭಾನುವಾರ ಅವನ ದನಿ ಚೆನ್ನಾಗಿಯೇ ಎದ್ದಿತು. ಬೇರಿಗೆ ಪ್ರತಿಯಾಗಿ ರಾಡೊಯ್ಕಾ ಒಂದೇ ಒಂದು ಕೇಳಿದಳು, ತನ್ನನ್ನೂ ಗಾಯಕವೃಂದಕ್ಕೆ ಸೇರಿಸಿಕೊಳ್ಳಬೇಕೆಂದು. ಅವನಿಗೆ ಇಲ್ಲವೆನ್ನಲಾಗಲಿಲ್ಲ. ಕೆಮ್ಮು ಇಳಿದ ಅವಳ ಗಂಟಲಿಗೆ ಈಗ ಬಲ ಬಂದಿದೆ, ಶ್ರುತಿ ಮಾತ್ರ ಬಂದಿಲ್ಲ. ಎರಡನೆಯ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಅರ್ಧ ಸ್ವರ ಕೆಳಗೆ, ಎಲ್ಲರಿಗಿಂತ ಜೋರಾಗಿ ಹಾಡುತ್ತಾಳೆ. ಸ್ವೆತೊಲಿಕ್ ಕಣ್ಣು ಮುಚ್ಚಿ ಕೈ ಆಡಿಸುತ್ತಾನೆ. ಹೊಸದಾಗಿ ಬಂದ ಪಾದ್ರಿ ಅದನ್ನು ಭಕ್ತಿ ಎಂದುಕೊಂಡಿದ್ದಾರೆ.